ಏಳನೇ ಇನ್ನಿಂಗ್ಸಿನ ಮಂಗಳಾರತಿ

ಮೊದಲೇ ಹೇಳಿಬಿಡುತ್ತೇನೆ. ಈ ವಾರ ನಾನು ಬರೆಯುತ್ತಿರುವುದರಲ್ಲಿ ಒಂದಷ್ಟು ತಪ್ಪಿರಬಹುದು. ಯಾವುದು ತಪ್ಪು ಎಂದು ಗೊತ್ತಿದ್ದರೆ ತಿದ್ದಿಯೇ ಬರೆಯುತ್ತಿದ್ದೆ. ಗೊತ್ತಿಲ್ಲ. ಅದೇ ತೊಂದರೆ.

ಹೋದ ಶನಿವಾರದವರೆಗೆ ಈ ತೊಂದರೆ ಇರಲಿಲ್ಲ. ನನ್ನ ಹತ್ತಿರ ಒಂದು ಕತೆ ಇತ್ತು. ವರ್ಷಗಳಿಂದ ಹೇಳಿಕೊಂಡು ಬಂದ ಕತೆ. ಅಮೆರಿಕದ ನಮ್ಮ ಡಬ್ಲಿನ್ನಿನಲ್ಲಿ, ಎಲ್ಲರೂ ಒಂದೊಂದು ಅಡುಗೆ ತಂದು ಹಂಚಿ ಉಣ್ಣುವ ಪಾಟ್‌ಲಕ್ಕಿಗೆ ಯಾರ ಮನೆಗೆ ಹೋದರೂ, ಊಟ ಮುಗಿದು ಪಾಯಸದ ಬಟ್ಟಲು ಕೈಗೆ ಬರುವ ಹೊತ್ತಿಗೆ ಯಾರಾದರೊಬ್ಬರು, "ಆ ನಿಮ್ಮತ್ತೆ ಚಪ್ಪಲಿ ಕತೆ ಹೇಳ್ರೀ" ಎನ್ನುತ್ತಿದ್ದರು. ನಾನು ಒಮ್ಮೆಯೂ ಬೇಡ ಅಂದವಳಲ್ಲ. ಈ ಅಂಕಣದಲ್ಲೂ ಒಂದು ಸಲ ಬರೆದಿದ್ದೇನೆ ಅನ್ನಿಸುತ್ತದೆ. (ಎರಡು ಸಲವೂ ಇರಬಹುದು. ಹಳೆಯ ಓದುಗರು ಸಹಿಸಿಕೊಂಡಿದ್ದೀರಿ.)

ಕತೆ ಇಷ್ಟು. ನನ್ನ ಮಗಳು ಇಂಚರ ಕೈಗೂಸಾಗಿದ್ದಾಗ ಗಂಡ ಮಂಜುವಿನ ಆಫೀಸಿನವರು ಓಕ್‌ಲೆಂಡಿನಲ್ಲಿ ನಡೆಯುತ್ತಿದ್ದ ಬೇಸ್‌ಬಾಲ್ ಮ್ಯಾಚಿಗೆ ಟಿಕೆಟ್ ಕೊಟ್ಟಿದ್ದರು. ಮಂಡ್ಯದಿಂದ ಆಗಷ್ಟೇ ಬಂದಿಳಿದಿದ್ದ ಅತ್ತೆಯನ್ನೂ ಕರೆದುಕೊಂಡು ಹೋದೆವು. ಬೇಸ್‌ಬಾಲಿನಲ್ಲಿ ಒಂಬತ್ತು ಇನ್ನಿಂಗ್ಸ್. ಏಳನೆಯದರ ನಡುವೆ ಆಟ ಸ್ವಲ್ಪ ಹೊತ್ತು ನಿಲ್ಲುತ್ತದೆ. ಇಡೀ ಸ್ಟೇಡಿಯಂ ಎದ್ದು ನಿಂತು ಒಂದು ಹಾಡು ಹೇಳುತ್ತದೆ. ಕೂತು ಕೂತು ಜೋಮು ಹಿಡಿದ ಕಾಲಿಗೆ ಒಂದು ಬಿಡುವು, ಅಷ್ಟೇ. ಅತ್ತೆಗೆ ಅದು ಹೇಗೆ ಗೊತ್ತಾಗಬೇಕು? ಅಷ್ಟೊಂದು ಜನ ಒಟ್ಟಿಗೆ ಎದ್ದು ಒಟ್ಟಿಗೆ ಹಾಡಿದರೆ ಅವರ ಪಾಲಿಗೆ ಅದು ಮಂಗಳಾರತಿ. ತಟ್ಟನೆ ಚಪ್ಪಲಿ ಬಿಟ್ಟರು, ಸೀಟಿನ ಕೆಳಗೆ ತಳ್ಳಿದರು, ಕೈಮುಗಿದು ಕಣ್ಣು ಮುಚ್ಚಿದರು. ಪಕ್ಕದ ಸೀಟಿನ ದಪ್ಪ ಮೀಸೆಯವನು ತನ್ನ ಬಿಯರ್ ಲೋಟವನ್ನು ಚಪ್ಪಲಿಯಿಂದ ದೂರ ಸರಿಸಿ, ತಾನೂ ಟೋಪಿ ತೆಗೆದ.

(ಟೋಪಿ ತೆಗೆದದ್ದು ನಿಜವೋ, ಯಾವುದೋ ಪಾಟ್‌ಲಕ್ಕಿನಲ್ಲಿ ನಾನೇ ಸೇರಿಸಿದೆನೋ, ಈಗ ಹೇಳಲಾರೆ.)

ಇದಕ್ಕೆ ಮೊದಲು ಒಂದು ಬೆಳ್ಳುಳ್ಳಿ ಪ್ರಸಂಗವೂ ಇದೆ. ನಮ್ಮ ಕಡೆಯ ಸ್ಟೇಡಿಯಮ್ಮುಗಳಲ್ಲಿ ಆಲೂಗಡ್ಡೆ ಫ್ರೈಸ್ ಮೇಲೆ ಹೆಚ್ಚಿದ ಬೆಳ್ಳುಳ್ಳಿಯನ್ನು ಧಾರಾಳವಾಗಿ ಸುರಿದು ಕೊಡುತ್ತಾರೆ. ಗಿಲ್‌ರಾಯ್ ಎಂಬ ಬೆಳ್ಳುಳ್ಳಿ ಬೆಳೆಯುವ ಊರೇ ಹತ್ತಿರವಿದ್ದ ಮೇಲೆ ಬೆಳ್ಳುಳ್ಳಿಗೇನು ಬರ? ಅತ್ತೆ ಅದರಿಂದ ಒಂದೊಂದೇ ಬೆಳ್ಳುಳ್ಳಿ ಚೂರು ಹೆಕ್ಕಿ ನನ್ನ ಕಾಗದದ ತಟ್ಟೆಗೆ ಹಾಕಿ, ತಾವು ಬೋಳು ಆಲೂಗಡ್ಡೆ ತಿಂದರು. ಇದನ್ನು ನಾನು ಕೈ ಅಭಿನಯದ ಸಮೇತ ಹೇಳುತ್ತಿದ್ದೆ.

ಕೇಳಿದವರೆಲ್ಲ ನಗುತ್ತಿದ್ದರು. ನಾನು ಪ್ರೀತಿಯಿಂದಲೇ ಹೇಳುತ್ತಿದ್ದೆ, ಅದರಲ್ಲಿ ಅನುಮಾನ ಬೇಡ. ಆದರೆ ಅತ್ತೆಯ ಎದುರಿಗೆ ಮಾತ್ರ ಒಮ್ಮೆಯೂ ಹೇಳಿರಲಿಲ್ಲ. ಅತ್ತೆಯ ಕತೆಯನ್ನು ಅತ್ತೆಯ ಎದುರಿಗೇ ಹೇಳುವ ಸೊಸೆ ಯಾವ ಊರಲ್ಲಿದ್ದಾಳೆ?

ಈಗ ಮಾರ್ಚ್. ಬೇಸ್‌ಬಾಲ್ ಹುಚ್ಚು ಹಿಡಿದವರಿಗೆ ವರ್ಷದಲ್ಲೇ ಒಳ್ಳೆಯ ಕಾಲ. ಸೀಸನ್ ಇನ್ನೂ ಶುರುವಾಗಿಲ್ಲ. ಅರಿಜೋನಾದ ಬಿಸಿಲಿನಲ್ಲಿ ಅಭ್ಯಾಸದ ಮ್ಯಾಚುಗಳು ನಡೆಯುತ್ತಿವೆ. ಗೆದ್ದರೂ ಲೆಕ್ಕಕ್ಕಿಲ್ಲ, ಸೋತರೂ ಲೆಕ್ಕಕ್ಕಿಲ್ಲ. ಯಾವ ಟೀಮೂ ಯಾವ ಟೀಮಿಗಿಂತ ಹಿಂದೆ ಬಿದ್ದಿಲ್ಲ. ಹೋದ ವರ್ಷ ಚೆಂಡನ್ನು ಮುಟ್ಟಲೂ ಆಗದಿದ್ದ ಹುಡುಗ ಈ ವರ್ಷ ಮಿಂಚುತ್ತಾನೆ ಎಂದು ಎಲ್ಲರೂ ನಂಬಿರುತ್ತಾರೆ. ಏಪ್ರಿಲ್ ಕೊನೆಗೆ ಆ ನಂಬಿಕೆ ಹೋಗುತ್ತದೆ, ಅದು ಬೇರೆ ಮಾತು. ಇಂಥದ್ದೊಂದು ಮಾರ್ಚ್ ಉಳಿದವರಿಗೂ ಸಿಗುವಂತಿದ್ದರೆ ಎಷ್ಟು ಚೆನ್ನಾಗಿತ್ತು, ಅಲ್ಲವೇ?

ನನಗಂತೂ ಬೇಸ್‌ಬಾಲ್ ಸೀಸನ್ ಅಂದರೆ ಅತ್ತೆ ಬರುವ ಸೀಸನ್. ಇದು ನಮ್ಮ ಮನೆಯೊಂದರ ಕತೆಯಲ್ಲ. ಊರಿಂದ ಅಪ್ಪ ಅಮ್ಮ ಬಂದರೆ ಏರ್‌ಪೋರ್ಟಿನಲ್ಲಿ ಆರು ತಿಂಗಳಿರಲು ಒಪ್ಪಿಗೆ ಕೊಡುತ್ತಾರೆ. ಯಾವ ಆರು ತಿಂಗಳು? ಚಳಿ ಬೇಡ, ಮಳೆ ಬೇಡ, ಐದಕ್ಕೇ ಕತ್ತಲಾಗುವ ಸಂಜೆ ಬೇಡವೇ ಬೇಡ. ಹಾಗಾಗಿ ಯುಗಾದಿ ಮುಗಿಸಿ ಹೊರಟು ದೀಪಾವಳಿಗೆ ಮೊದಲು ವಾಪಸ್. ಬೇಸ್‌ಬಾಲ್ ಆಡುವವರಿಗೂ ಚಳಿ ಬೇಡ. ಅವರದೂ ಅದೇ ಆರು ತಿಂಗಳು. ಏಪ್ರಿಲ್ ಬಂತೆಂದರೆ ರೈಲಿನಲ್ಲಿ ಟೀಮಿನ ಟೋಪಿಗಳು, ಪಾರ್ಕಿನಲ್ಲಿ ಸೀರೆಯ ಕೆಳಗೆ ಬಿಳಿ ಶೂಗಳು. ಎರಡೂ ಒಟ್ಟಿಗೆ ಬರುತ್ತವೆ, ಹೆಚ್ಚುಕಮ್ಮಿ ಒಟ್ಟಿಗೆ ಹೋಗುತ್ತವೆ.

ಅತ್ತೆ ಇದ್ದಾಗ ಅಡುಗೆಮನೆಯ ಕಿಟಕಿಯ ಮೇಲೆ ರೇಡಿಯೋ. ಸಂಜೆ ಏಳಕ್ಕೆ ಮ್ಯಾಚ್. ಬೇಸ್‌ಬಾಲಿನ ದೊಡ್ಡ ಗುಣ ಅಂದರೆ ಅದು ಹತ್ತಿರಹತ್ತಿರ ದಿನಾ ಇರುತ್ತದೆ, ಮತ್ತು ಅದನ್ನು ನೋಡಲೇಬೇಕಾಗಿಲ್ಲ. ಕೇಳುತ್ತ ಚಪಾತಿ ಲಟ್ಟಿಸಬಹುದು, ಬೀನ್ಸ್ ಹೆಚ್ಚಬಹುದು, ನಡುವೆ ಸಣ್ಣದೊಂದು ಜಗಳವಾಡಿ ಮತ್ತೆ ಕೇಳಬಹುದು. ಎರಡು ಇನ್ನಿಂಗ್ಸ್ ತಪ್ಪಿದರೂ ಏನೂ ತಪ್ಪಿರುವುದಿಲ್ಲ. ಒಂದೇ ಅಡುಗೆಮನೆಯಲ್ಲಿ ಆರು ತಿಂಗಳು ಕಳೆಯಬೇಕಾದ ಅತ್ತೆ ಸೊಸೆಯ ನಡುವೆ ಇದಕ್ಕಿಂತ ಒಳ್ಳೆಯ ಮೂರನೆಯವರು ಸಿಗುತ್ತಾರೆಯೇ?

ಅತ್ತೆಗೆ ಇಂಗ್ಲಿಷ್ ಬರುವುದಿಲ್ಲ. ಬೇಕಾಗಲೂ ಇಲ್ಲ. ಎಸೆಯೋನು, ಬಡಿಯೋನು, ಕುಕ್ಕರುಗಾಲಲ್ಲಿ ಕೂತು ಚೆಂಡು ಹಿಡಿಯೋನು. ಬಡಿಯೋನು ಮೈದಾನದ ನಾಲ್ಕು ಮೂಲೆ ಸುತ್ತಿ ಹೊರಟಲ್ಲಿಗೇ ಬಂದರೆ ಒಂದು ರನ್. ಇಷ್ಟು ತಿಳಿದರೆ ಮುಕ್ಕಾಲು ಆಟ ಬಂದಂತೆ. ಎಸೆಯೋನು ನಾಲ್ಕು ಸಲ ಕೆಟ್ಟದಾಗಿ ಎಸೆದರೆ ಬಡಿಯೋನು ಏನೂ ಮಾಡದೆ ಮೊದಲ ಮೂಲೆಗೆ ನಡೆದು ಹೋಗಬಹುದು. ಅದಕ್ಕೆ ಅತ್ತೆಯ ಹೆಸರು 'ಪುಕ್ಕಟೆ'. ಒಬ್ಬ ಮೂರನೇ ಮೂಲೆಯವರೆಗೆ ಓಡಿಬಂದು, ಹಿಂದೆ ಬಡಿಯುವವರೆಲ್ಲ ಔಟಾಗಿ ಅಲ್ಲೇ ನಿಂತುಬಿಟ್ಟರೆ ಅವನು 'ದಾರೀಲಿ ಉಳ್ದೋನು'. ಗೆಲುವು ಸೋಲಿಗಿಂತ ಅತ್ತೆಗೆ ಅವನದೇ ಚಿಂತೆ. ಮ್ಯಾಚ್ ಮುಗಿದ ಮೇಲೆ ತಟ್ಟೆ ತೊಳೆಯುತ್ತ, "ಆ ದಾರೀಲಿ ಉಳ್ದೋನ್ ಎಂಗವ್ನೋ" ಎನ್ನುವರು.

ಈ ಮಾತುಗಳೆಲ್ಲ ಅತ್ತೆಯವು. ಅತ್ತೆಗೆ ಆಟ ಕಲಿಸಿದವಳು ನಾನು. ಇದು ನಾನು ನಂಬಿಕೊಂಡಿದ್ದು. ಹೋದ ಶನಿವಾರದವರೆಗೆ.

ಅತ್ತೆ ಇಲ್ಲಿಗೆ ಕೊನೆಯ ಸಲ ಬಂದು ಕೆಲವು ವರ್ಷಗಳಾದವು. ಮೊದಲು ಮಂಡಿಯ ಆಪರೇಷನ್ ಆಯಿತು. ಆಮೇಲೆ ವೀಸಾ ಮುಗಿಯಿತು. ಮಂಡ್ಯದಲ್ಲಿ ನನ್ನ ಮೈದುನನ ಮನೆಯಲ್ಲಿ, ಮೊಮ್ಮಕ್ಕಳ ಗಲಾಟೆಯ ನಡುವೆ ಆರಾಮವಾಗಿದ್ದಾರೆ. ಈಗ ಹೊಸ ವೀಸಾ ಸಿಕ್ಕಿದೆ. ಈ ಏಪ್ರಿಲಿನಲ್ಲಿ ಬರುತ್ತಿದ್ದಾರೆ.

ಅಷ್ಟರಲ್ಲಿ ಇಲ್ಲಿ ಒಂದು ಎಡವಟ್ಟಾಗಿದೆ. ನಮ್ಮ ಟೀಮು ಊರು ಬಿಟ್ಟಿದೆ.

ನಾವಿರುವ ಬೇ ಏರಿಯಾದಲ್ಲಿ ಎರಡು ಟೀಮಿದ್ದವು. ಕೊಲ್ಲಿಯ ಆ ದಡದಲ್ಲಿ ಸ್ಯಾನ್ ಫ್ರಾನ್ಸಿಸ್ಕೋದವರದು, ನೀರಿನ ಪಕ್ಕದ ಚೆಂದದ ಸ್ಟೇಡಿಯಂ. ಈ ದಡದಲ್ಲಿ ಓಕ್‌ಲೆಂಡಿನವರದು, ಫ್ರೀವೇ ಪಕ್ಕದ ಹಳೆಯ ಕಾಂಕ್ರೀಟ್ ಬಟ್ಟಲು. ನಾವು ಬಟ್ಟಲಿನವರು. ಈಗ ಬಟ್ಟಲು ಇದೆ, ಟೀಮಿಲ್ಲ. ಅದು ಸದ್ಯ ದೂರದ ಇನ್ನೊಂದು ಊರಿನ ಸಣ್ಣ ಮೈದಾನದಲ್ಲಿ ಬಾಡಿಗೆಗಿದೆ. ಮುಂದೆ ಮರುಭೂಮಿಯ ಊರೊಂದಕ್ಕೆ ಹೋಗುತ್ತದಂತೆ. ವಾಲ್ನಟ್ ಕ್ರೀಕಿನ ನನ್ನ ಆಫೀಸಿನಲ್ಲಿ ಕೆಲವರು ಎಷ್ಟು ಬೇಗ ಟೋಪಿಯ ಬಣ್ಣ ಬದಲಾಯಿಸಿದರೆಂದರೆ, ಅವರನ್ನು ನೋಡಿ ನನಗೆ ಹೊಟ್ಟೆಕಿಚ್ಚೇ ಆಯಿತು. ನನ್ನ ಕೈಲಿ ಆಗಲಿಲ್ಲ. ಹಾಗಾದರೆ ಈ ಮಾರ್ಚಿನಲ್ಲಿ ನಾನು ಕಾಯುತ್ತಿರುವುದು ಏತಕ್ಕೆ? ಕೇಳಿದ್ದರೆ ನನಗೂ ಹೇಳಲು ಬರುತ್ತಿರಲಿಲ್ಲ.

ಶನಿವಾರ ಮಧ್ಯಾಹ್ನ ಗರಾಜಿನಿಂದ ರೇಡಿಯೋ ತೆಗೆದೆ. ಅತ್ತೆ ಬರುವ ಮೊದಲು ಸರಿಮಾಡಿ ಇಡೋಣ ಎಂದು. ಒಳಗೆ ಬ್ಯಾಟರಿ ಸೋರಿ ಹಸಿರು ಕಟ್ಟಿತ್ತು. ವಿನೆಗರ್ ಹಾಕಿ ಉಜ್ಜಿದೆ. ಮಂಜು ಬಂದು ನೋಡಿ, "ಫೋನಲ್ಲೇ ಬರತ್ತಲ್ಲೇ, ಇದ್ಯಾಕೆ?" ಎಂದ. ನಾನು ಇನ್ನಷ್ಟು ವಿನೆಗರ್ ಸುರಿದೆ.

ರೇಡಿಯೋದ ಹಿಡಿಕೆ ಯಾವಾಗಲೋ ಬಿರುಕು ಬಿಟ್ಟಿತ್ತು. ಅದರ ಸುತ್ತ ಕೆಂಪು ದಾರ. ಅತ್ತೆ ಯಾವುದೋ ದೇವಸ್ಥಾನದ ದಾರ ತಂದು ಕಟ್ಟಿದ್ದಾರೆ, ಟೀಮು ಗೆಲ್ಲಲಿ ಎಂದು ಹರಕೆ ಇರಬೇಕು, ಎಂದು ನಾನು ಅಂದುಕೊಂಡಿದ್ದೆ. (ಇದೂ ಪಾಟ್‌ಲಕ್ಕಿನಲ್ಲಿ ಚೆನ್ನಾಗಿ ಓಡುತ್ತಿತ್ತು.) ಹೊಸ ಬ್ಯಾಟರಿ ಹಾಕಿ ಗುಂಡಿ ತಿರುಗಿಸಿದೆ. ಕರಕರ ಸದ್ದು ಬಂತು, ಆಮೇಲೆ ಅಭ್ಯಾಸದ ಮ್ಯಾಚಿನ ಚಪ್ಪಾಳೆ ಬಂತು. ಯಾವ ಟೀಮುಗಳೆಂದು ಸಹ ಕೇಳಿಸಿಕೊಳ್ಳದೆ ಗರಾಜಿನಲ್ಲಿ ನಿಂತೇ ಇದ್ದೆ.

ಸಂಜೆ ಮಂಡ್ಯಕ್ಕೆ ವಿಡಿಯೋ ಕಾಲ್ ಮಾಡಿದೆವು. ಅಲ್ಲಿ ಭಾನುವಾರ ಬೆಳಿಗ್ಗೆ. ಅತ್ತೆ ಕಾಫಿ ಲೋಟ ಹಿಡಿದು ಕೂತಿದ್ದರು. ಫೋನನ್ನು ಮೊಮ್ಮಗ ಒರಗಿಸಿಟ್ಟಿದ್ದರಿಂದ ಅತ್ತೆಯ ಹಣೆ ಮತ್ತು ಫ್ಯಾನು ಕಾಣುತ್ತಿತ್ತು.

"ಏನವ್ವಾ, ರೇಡಿಯ ತಗುದ್ಯಾ?"

"ತೆಗ್ದೆ ಅತ್ತೆ. ಹಾಡ್ತಿದೆ."

"ನಮ್ಮೋರು ಎಲ್ಲವ್ರೆ ಈಗ?"

"ಬೇರೆ ಊರಲ್ಲಿ ಬಾಡಿಗೆಗಿದ್ದಾರೆ. ಇನ್ನೊಂದೆರಡು ವರ್ಷ ಬಿಟ್ಟು ಮತ್ತೊಂದು ಊರಿಗೆ ಹೋಗ್ತಾರಂತೆ."

"ಗಂಟುಮೂಟೆ ಕಟ್ಕಂಡು ಸುತ್ತದೇ ಆಯ್ತು ಅವ್ರಿಗೆ. ಬಾಡ್ಗೆ ಮನೇಲಿರೋರ್ನ ಬುಟ್ಟಾಕದು ಸರಿಯಲ್ಲ ಕಣವ್ವ. ನಾವು ಅವ್ರ ಕಡೀಕೇ."

ಟೀಮು ಬದಲಾಯಿಸುವ ನನ್ನ ಗೊಂದಲ ಅಲ್ಲಿಗೆ ಮುಗಿಯಿತು. ಅಷ್ಟರಲ್ಲಿ ಇಂಚರ ಬಂದು ಕ್ಯಾಮೆರಾದಲ್ಲಿ ತಲೆ ಹಾಕಿದಳು. ಅವಳಿಗೆ ಈ ತಿಂಗಳು ಹದಿನೆಂಟು ತುಂಬುತ್ತದೆ. ಕನ್ನಡ ಅರ್ಥವಾಗುತ್ತದೆ, ಉತ್ತರ ಇಂಗ್ಲಿಷಿನಲ್ಲಿ ಬರುತ್ತದೆ.

"ಅಜ್ಜಿ, ಟೆಲ್ ದ ಚಪ್ಪಲಿ ಸ್ಟೋರಿ. ಐ ವಾಂಟ್ ಯುವರ್ ವರ್ಷನ್. ಅಮ್ಮ ಚೇಂಜಸ್ ಇಟ್ ಎವ್ರಿ ಟೈಮ್."

"ಅದ್ಯಾವ್ದವ್ವಾ ಚಪ್ಲಿ ಕತೆ?" ಎಂದರು ಅತ್ತೆ.

ಸಿಕ್ಕಿಬಿದ್ದೆ. ಬೇರೆ ದಾರಿ ಇರಲಿಲ್ಲ, ಹೇಳಿದೆ. ಸ್ವಲ್ಪ ಮೆತ್ತಗೆ ಮಾಡಿ ಹೇಳಿದೆ. ಬೆಳ್ಳುಳ್ಳಿ, ಏಳನೇ ಇನ್ನಿಂಗ್ಸ್, ಚಪ್ಪಲಿ, ಮಂಗಳಾರತಿ, ಬಿಯರ್ ಲೋಟ. ಟೋಪಿ ಬಿಟ್ಟೆ. ಮಂಡ್ಯದಲ್ಲಿ ಹಣೆ ಅಲುಗಾಡಿತು. ಆಮೇಲೆ ಫೋನು ಕೈಗೆ ತೆಗೆದುಕೊಂಡಿದ್ದರಿಂದ ಅತ್ತೆಯ ಇಡೀ ಮುಖ ಕಾಣಿಸಿತು. ನಗುತ್ತಿದ್ದರು.

"ಚೆಂದಾಗ್ ಹೇಳ್ತಿ ಕಣವ್ವ. ಆದ್ರೆ ಅದು ನಾನಲ್ಲ."

"ಮತ್ತೆ?"

"ನಿಮ್ಮವ್ವ."

"ಅಮ್ಮ ಮ್ಯಾಚಿಗೆ ಬಂದೇ ಇರ್ಲಿಲ್ಲ ಅತ್ತೆ."

"ಬಂದಿದ್ರು ಬುಡು. ನನ್ನ ಪಕ್ಕದಲ್ಲೇ ಕೂತಿದ್ರು."

ಇಲ್ಲಿ ನಿಮಗೆ ನನ್ನ ಅಮ್ಮನ ಬಗ್ಗೆ ಸ್ವಲ್ಪ ಹೇಳಬೇಕು. ಅಮ್ಮ ತೀರಿಹೋಗಿ ವರ್ಷಗಳಾದವು. ಹಾಸನದಲ್ಲಿ ಮನೆಯ ಮುಂದಿನ ರೂಮಿನಲ್ಲಿ ಹೊಲಿಗೆ ಕ್ಲಾಸು ನಡೆಸುತ್ತಿದ್ದಳು. ಮಾತು ಕಡಿಮೆ, ನಗು ಇನ್ನೂ ಕಡಿಮೆ. ಕಾಜಾ ಸರಿಯಾಗಿ ಹೊಲಿಯದಿದ್ದರೆ ಹುಡುಗಿಯರು ಅವಳ ಮುಖ ನೋಡಿಯೇ ಬಿಚ್ಚಿ ಮತ್ತೆ ಹೊಲಿಯುತ್ತಿದ್ದರು. ಅಮೆರಿಕಕ್ಕೆ ಬಂದದ್ದು ಒಂದೇ ಸಲ, ನನ್ನ ಬಾಣಂತನಕ್ಕೆ.

ನಮ್ಮಲ್ಲಿ ಅಜ್ಜಿಯರ ರಿಲೇ ಓಟ ಒಂದಿದೆ. ಮಗು ಹುಟ್ಟುವ ಹೊತ್ತಿಗೆ ಹೆಣ್ಣಿನ ಅಮ್ಮ ಬರುತ್ತಾಳೆ. ಅವಳ ಆರು ತಿಂಗಳು ಮುಗಿಯುವ ಹೊತ್ತಿಗೆ ಗಂಡಿನ ಅಮ್ಮ ಬರುತ್ತಾರೆ. ಇಬ್ಬರೂ ಸೇರಿದರೆ ಡೇಕೇರ್ ಇಲ್ಲದೆ ಒಂದು ವರ್ಷ ದಾಟುತ್ತದೆ. ನಡುವೆ ಒಂದು ವಾರವೋ ಹತ್ತು ದಿನವೋ ಇಬ್ಬರೂ ಒಟ್ಟಿಗಿರುತ್ತಾರೆ. ಅದು ಚಾರ್ಜು ಕೊಡುವ ವಾರ. ಬಾಟಲು ಎಷ್ಟು ಹೊತ್ತು ಕುದಿಸಬೇಕು, ಮಗು ಯಾವ ಮಗ್ಗುಲಿಗೆ ಮಲಗುತ್ತದೆ, ಯಾವ ಒಲೆಯ ಗುಂಡಿ ಹಿಂದುಮುಂದಾಗಿದೆ, ಎಲ್ಲವನ್ನೂ ಒಬ್ಬರು ಇನ್ನೊಬ್ಬರಿಗೆ ಒಪ್ಪಿಸಬೇಕು.

ಅಮ್ಮ ಮಾರ್ಚಿನಲ್ಲಿ ಬಂದು ಆಗಸ್ಟ್ ಕೊನೆಗೆ ಹೋದಳು. ಎಲ್ಲಿಗೆ ಕರೆದರೂ ಬರುತ್ತಿರಲಿಲ್ಲ. "ಕೂಸು ಬಿಟ್ಟು ಎಲ್ಲಿಗ್ ಬರ್ಲಿ? ನೀವು ಹೋಗ್ಬನ್ನಿ." ಊರಿಗೆ ವಾಪಸಾದ ಮೇಲೆ ಅಕ್ಕಪಕ್ಕದವರು ಅಮೆರಿಕದಲ್ಲಿ ಏನು ನೋಡಿದಿರಿ ಎಂದು ಕೇಳಿದರೆ, "ಮಗೂನ ನೋಡ್ದೆ" ಎಂದಳಂತೆ. ನನ್ನ ನೆನಪಿನಲ್ಲೂ ಅಷ್ಟೇ ಉಳಿದಿದ್ದಳು. ಸಿಂಕಿನ ಮುಂದೆ ಒಂದು ಬೆನ್ನು, ಬಾತ್‌ಟಬ್ಬಿನ ಪಕ್ಕ ಮೇಲೆತ್ತಿ ಕಟ್ಟಿದ ಸೀರೆ. ಆ ಆರು ತಿಂಗಳಲ್ಲಿ ಅಮ್ಮ ಒಂದು ದಿನವಾದರೂ ಖುಷಿಯಾಗಿದ್ದಳೇ ಎಂಬುದು ನಾನು ಯಾರನ್ನೂ ಕೇಳಲಾಗದ ಪ್ರಶ್ನೆಯಾಗಿತ್ತು. (ನನಗೆ ಡೈರಿ ಬರೆಯುವ ಅಭ್ಯಾಸವಿದೆ. ಅದರಲ್ಲಿ ನೋಡಿಕೊಳ್ಳಬಾರದೇ ಎನ್ನಬೇಡಿ. ಮಗು ಹುಟ್ಟಿದ ವರ್ಷ ಡೈರಿ ಬರೆದ ತಾಯಿ ಇದ್ದರೆ ನನಗೆ ತೋರಿಸಿ. ಆ ವರ್ಷ ನನ್ನದು ಪೂರ್ತಿ ಖಾಲಿ.)

ಫೋನಿನಲ್ಲಿ ಅತ್ತೆ ಹೇಳುತ್ತ ಹೋದರು.

"ನಾನು ಬಂದು ಮೂರು ದಿನ ಆಗಿತ್ತೇನೋ. ಹಗಲು ಯಾವ್ದು ರಾತ್ರಿ ಯಾವ್ದು ಗೊತ್ತಾಯ್ತಿರ್ಲಿಲ್ಲ. ಆ ಬಿಸ್ಲಲ್ಲಿ ಕೂತು ತೂಕಡುಸ್ತಿದ್ದೆ. ಪಾಪು ನಿಮ್ಮವ್ವನ ತೊಡೆ ಮೇಲಿತ್ತು, ತಲೇಗೆ ಕುಲಾವಿ ಕಟ್ಟಿದ್ರು. ಇದ್ದಕ್ಕಿದ್ದಂಗೆ ನಿಮ್ಮವ್ವ ನನ್ನ ತಿವಿದು ಎಬ್ಸುದ್ರು. 'ಏಳಿ ಬೀಗ್ರೇ, ಮಂಗಳಾರತಿ' ಅಂದ್ರು. ನೋಡ್ತೀನಿ, ಜನ ಎಲ್ಲ ನಿಂತವ್ರೆ. ನಿಮ್ಮವ್ವ ಚಪ್ಲಿ ಬುಟ್ಟು ನಿಂತ್ರು. ನಾನೂ ಬುಟ್ಟೆ. ಕೈ ಮುಗ್ದೆ."

"ಅಂದ್ರೆ ನೀವೂ ಬಿಟ್ರಿ."

"ಬುಡ್ದೆ ಏನ್ ಮಾಡ್ಲಿ? ಹಾಡು ಮುಗೀತು, ಕೂತ್ಕಂಡೊ. ದೇವ್ರೆಲ್ಲಿ ಬೀಗ್ರೇ ಅಂತ ಕೇಳ್ದೆ. ನಿಮ್ಮವ್ವ ಸೆರಗು ಬಾಯಿಗಿಟ್ಕಂಡು ನಗ್ತಾವ್ರೆ. 'ದೇವ್ರೂ ಇಲ್ಲ ಏನೂ ಇಲ್ಲ, ಕಾಲು ಜೋಮು ಹಿಡಿದದಲ್ಲ, ಅದ್ಕೆ ಎದ್ದು ನಿಲ್ತಾರೆ' ಅಂದ್ರು. ನನ್ನ ಆಟ ಆಡುಸ್ಬುಟ್ರು ಕಣವ್ವ ನಿಮ್ಮವ್ವ."

ಇಂಚರ ನನ್ನನ್ನೇ ನೋಡುತ್ತಿದ್ದಳು. ನಾನು ಫೋನನ್ನು ನೋಡುತ್ತಿದ್ದೆ. ನನ್ನ ಅಮ್ಮ, ಬೀಗರ ಜೊತೆ ತಮಾಷೆ ಮಾಡಿದ್ದಳೇ? ಹೊಲಿಗೆ ಕ್ಲಾಸಿನ ಅಮ್ಮ? ಅದೂ ಏಳನೇ ಇನ್ನಿಂಗ್ಸಿನಲ್ಲಿ ಯಾಕೆ ಏಳುತ್ತಾರೆ ಎಂದು ಮೊದಲೇ ತಿಳಿದುಕೊಂಡು?

"ಅಮ್ಮನಿಗೆ ಅದೆಲ್ಲ ಹೇಗೆ ಗೊತ್ತು?"

"ಎಂಗೆ ಅಂದ್ರೆ? ಅವ್ರೇ ಅಲ್ವಾ ನಂಗೆ ಆಟ ಹೇಳ್ಕೊಟ್ಟಿದ್ದು."

"ಅತ್ತೆ, ನಿಮಗೆ ಹೇಳ್ಕೊಟ್ಟಿದ್ದು ನಾನು."

"ನೀನು ಆಮೇಲೆ ಬಂದ್ ಬಂದ್ ತಿದ್ದುತಿದ್ದೆ. ಹೇಳ್ಕೊಟ್ಟಿದ್ದು ನಿಮ್ಮವ್ವ. ನಾನು ಬಂದಾಗ್ಲೇ ರೇಡಿಯ ಕಿಟ್ಕೀಲಿತ್ತು. ಪಾಪು ಅಳ್ತಾ ಇದ್ರೆ ಅದ ಹಾಕಿ, ಅದು ಮಲಿಕತದೆ ಅಂದ್ರು. ಹಾಕುದ್ಮೇಲೆ ಸುಮ್ನೆ ಕೇಳಕ್ಕಾಯ್ತದಾ ಅಂತ ಆಟಾನೂ ಹೇಳುದ್ರು. ಇವ್ನು ಎಸೆಯೋನು, ಇವ್ನು ಬಡಿಯೋನು, ನಾಕ್ ಸಲ ಕೆಟ್ರೆ ಪುಕ್ಕಟೆ. ದಾರೀಲಿ ಉಳ್ದೋನು ಅಂತ ಅನ್ನೋರೂ ಅವ್ರೇಯ."

ಪುಕ್ಕಟೆಯೂ ಹೋಯಿತು. ದಾರೀಲಿ ಉಳ್ದೋನೂ ಹೋದ. ಅತ್ತೆಯವೆಂದು ನಾನು ಊರೆಲ್ಲ ಹಂಚಿದ್ದ ಮಾತುಗಳು ಒಂದೊಂದಾಗಿ ಅಮ್ಮನ ಬಾಯಿಗೆ ವಾಪಸ್ ಹೋಗಿ ಕೂತವು. ಮಗು ಒಪ್ಪಿಸುವ ವಾರದಲ್ಲಿ ಅಮ್ಮ ಬಾಟಲು, ಒಲೆ, ಕುಲಾವಿಯ ಜೊತೆಗೆ ಒಂದು ಆಟವನ್ನೂ ಒಪ್ಪಿಸಿ ಹೋಗಿದ್ದಳು.

ಮತ್ತೇನೋ ಕೇಳಬೇಕೆಂದಿದ್ದೆ. ಅಷ್ಟರಲ್ಲಿ ಮಂಡ್ಯದ ಮನೆಗೆ ಯಾರೋ ನೆಂಟರು ಬಂದರು. "ಬಂದ್ರು ಬಂದ್ರು, ಇಡ್ತೀನಿ ಕಣವ್ವ" ಎಂದು ಅತ್ತೆ ಎದ್ದರು. ಫ್ಯಾನು ಕಂಡಿತು, ಕಾಲ್ ಕಟ್ಟಾಯಿತು.

ಅಂದಿನಿಂದ ನಾನು ಪತ್ತೇದಾರಿ ಕೆಲಸದಲ್ಲಿದ್ದೇನೆ.

ಮೊದಲ ಸಾಕ್ಷಿ ಮಂಜು. "ಅವತ್ತು ಮ್ಯಾಚಿಗೆ ಯಾರ್ಯಾರು ಹೋಗಿದ್ವಿ?" ಎಂದು ಕೇಳಿದೆ. "ನಂಗೆ ಪಾರ್ಕಿಂಗ್ ಸಿಗದೆ ಒದ್ದಾಡಿದ್ದು ಮಾತ್ರ ನೆನಪಿದೆ" ಎಂದ. ನಾವು ರೈಲಿನಲ್ಲಿ ಹೋಗಿದ್ದೆವು. ಸ್ಟೇಷನ್ನಿನಿಂದ ಸ್ಟೇಡಿಯಂಗೆ ಉದ್ದದ ಸೇತುವೆಯ ಮೇಲೆ ನಡೆದಿದ್ದೆವು, ಗಾಳಿಗೆ ಮಗುವಿನ ಹೊದಿಕೆ ಹಾರಿತ್ತು. ಹಾಗೆಂದೆ. "ಹೌದಾ? ಇರ್ಬೇಕು" ಎಂದು ಒಪ್ಪಿಕೊಂಡ. ಇಷ್ಟು ಬೇಗ ಒಪ್ಪಿಕೊಳ್ಳುವವನನ್ನು ಸಾಕ್ಷಿ ಎನ್ನಬಹುದೇ?

ಇಂಟರ್ನೆಟ್ಟಿನಲ್ಲಿ ಪ್ರತಿ ಮ್ಯಾಚಿನ ಪ್ರತಿ ಚೆಂಡಿನ ವಿವರ ಇದೆ. ಯಾರು ಎಸೆದರು, ಯಾರು ಬಡಿದರು, ಎಷ್ಟು ಜನ ದಾರಿಯಲ್ಲಿ ಉಳಿದರು. ಚಪ್ಪಲಿ ಬಿಟ್ಟವರ ಹೆಸರು ಮಾತ್ರ ಎಲ್ಲೂ ಇಲ್ಲ.

ಆಮೇಲೆ ಬೆಳ್ಳುಳ್ಳಿ ಹೊಳೆಯಿತು. ನಮ್ಮತ್ತೆ ಬೆಳ್ಳುಳ್ಳಿ ಬಿಡುವವರೇ ಅಲ್ಲ. ಸಾರಿಗೆ, ಪಲ್ಯಕ್ಕೆ, ಚಟ್ನಿಗೆ, ಕೈಗೆ ಸಿಕ್ಕಿದ್ದಕ್ಕೆಲ್ಲ ಬೇಕು. ಒಂದು ಬೇಸಿಗೆಯಲ್ಲಿ, ಅಂಗಡಿಯದು ಸಪ್ಪೆ ಎಂದು ನನ್ನಿಂದ ಗಿಲ್‌ರಾಯ್‌ವರೆಗೆ ಕಾರು ಓಡಿಸಿ ಮೂಟೆ ತರಿಸಿದವರು. ಅವರು ಫ್ರೈಸ್ ಮೇಲಿನ ಬೆಳ್ಳುಳ್ಳಿಯನ್ನು ಹೆಕ್ಕಿ ಹೆಕ್ಕಿ ನನ್ನ ತಟ್ಟೆಗೆ ಹಾಕುತ್ತಾರೆಯೇ? ಇಷ್ಟು ವರ್ಷ ಈ ಕತೆ ಹೇಳಿದವಳಿಗೆ ಒಮ್ಮೆಯೂ ಅನುಮಾನ ಬರಲಿಲ್ಲ.

ಬೆಳ್ಳುಳ್ಳಿ ಹೆಕ್ಕಿ ಹಾಕಿದ ಕೈ ಯಾರದೆಂದು ಹೇಳಲು ಪತ್ತೇದಾರಿಕೆ ಬೇಕಿಲ್ಲ. ಬಾಣಂತಿಗೆ ಬೆಳ್ಳುಳ್ಳಿ ಕೊಡಬೇಕು. ಹಾಲಿಗೆ ಒಳ್ಳೆಯದು, ವಾಯುವಿಗೆ ಒಳ್ಳೆಯದು. ಐದು ತಿಂಗಳು ತುಂಬುವವರೆಗೆ ಅಮ್ಮನ ಪ್ರಕಾರ ನಾನು ಬಾಣಂತಿ. ಸ್ಟೇಡಿಯಮ್ಮಾದರೇನು, ಮೇಲೆ ವಿಮಾನ ಹಾರುತ್ತಿದ್ದರೇನು, ಬಾಣಂತಿ ಬಾಣಂತಿಯೇ. ಅವಳು ನನಗೆ ಪಥ್ಯ ಬಡಿಸುತ್ತಿದ್ದಳು, ಕಾಗದದ ತಟ್ಟೆಯಲ್ಲಿ. ನಾನು ಅದನ್ನು ಜೋಕು ಮಾಡಿ ಇನ್ನೊಬ್ಬರ ಹೆಸರಿನಲ್ಲಿ ಹೇಳಿಕೊಂಡು ತಿರುಗಿದೆ.

ಯಾಕೆ ಹೀಗಾಯಿತು? ನನಗೆ ಅನ್ನಿಸುವುದು ಇಷ್ಟು. ಅತ್ತೆ ಮತ್ತೆ ಮತ್ತೆ ಬಂದರು, ಅಮ್ಮ ಒಂದೇ ಸಲ ಬಂದಳು. ಕತೆಗಳೂ ಮನುಷ್ಯರ ಹಾಗೆ, ಎದುರಿಗಿದ್ದವರ ಪಕ್ಕ ಹೋಗಿ ಕೂತುಬಿಡುತ್ತವೆ. ಅಮ್ಮನ ಮಾತು, ಅಮ್ಮನ ಕೈ, ಅಮ್ಮನ ತುಂಟತನ, ಎಲ್ಲ ಒಂದೊಂದಾಗಿ ಜಾಗ ಬದಲಾಯಿಸಿದವು. ಕೊನೆಗೆ ಅಮ್ಮನ ಪಾಲಿಗೆ ಸಿಂಕು ಮಾತ್ರ ಉಳಿಯಿತು.

ಇರಿ. ಇದನ್ನೂ ಎಷ್ಟು ನಂಬಬೇಕು? ಅತ್ತೆಗೂ ಎಂಬತ್ತು ಹತ್ತಿರವಾಯಿತು. ಅವರೂ ನೆನಪಿನಿಂದಲೇ ಹೇಳುತ್ತಿದ್ದಾರೆ. ನಾನು ಕೂಡ ಶನಿವಾರದಿಂದ ಎಲ್ಲದರಲ್ಲೂ ಅಮ್ಮನನ್ನೇ ಹುಡುಕುತ್ತಿದ್ದೇನೆ. ರೇಡಿಯೋದ ಹಿಡಿಕೆಯನ್ನು ಬೆಳಕಿಗೆ ಹಿಡಿದು ನೋಡಿದೆ. ಅದು ದೇವಸ್ಥಾನದ ದಾರವಲ್ಲ, ಹೊಲಿಗೆ ದಾರ. ಒಂದು ಸುತ್ತಿನ ಪಕ್ಕ ಇನ್ನೊಂದು, ಎಲ್ಲೂ ಒಂದರ ಮೇಲೊಂದು ಹತ್ತಿಲ್ಲ. ಕೊನೆಯ ಎಳೆಯನ್ನು ಒಳಗೆ ತೂರಿಸಿ ಕತ್ತರಿಸಿದ್ದಾರೆ, ಗಂಟು ಕಾಣುವುದಿಲ್ಲ. ಅತ್ತೆಗೆ ಸೂಜಿಗೆ ದಾರ ಪೋಣಿಸುವಷ್ಟು ತಾಳ್ಮೆ ಇಲ್ಲ. ಹಾಗಂತ ಬೇರೆ ಯಾರೂ ಸುತ್ತಿರಲಾರರೇ? ಆ ರೇಡಿಯೋವನ್ನು ಅತ್ತೆಗಾಗಿ ಹಳೆ ಸಾಮಾನಿನ ಗರಾಜ್ ಸೇಲಿನಲ್ಲಿ ಕೊಂಡೆ ಎಂದು ನಾನು ಪ್ರಮಾಣ ಮಾಡಲು ತಯಾರಿದ್ದೆ. ಮೊದಲ ಸಾಲಲ್ಲೇ ಹೇಳಿದೆನಲ್ಲ, ಒಂದಷ್ಟು ತಪ್ಪಿರಬಹುದು ಎಂದು.

ಒಂದು ಪ್ರಶ್ನೆ ಮಾತ್ರ ಬಿಡುತ್ತಿಲ್ಲ. ಅಮ್ಮನಿಗೆ ಇಂಗ್ಲಿಷ್ ಬರುತ್ತಿರಲಿಲ್ಲ. ಮಂಜು ಆಗ ಕ್ರಿಕೆಟ್ ಬಿಟ್ಟು ಬೇರೇನೂ ನೋಡುತ್ತಿರಲಿಲ್ಲ. ನನಗೋ ನಿದ್ದೆಯಿಲ್ಲದ ದಿನಗಳು, ನನ್ನ ಹೆಸರೇ ನೆನಪಿರುತ್ತಿರಲಿಲ್ಲ. ಆದರೂ ಆ ಆರು ತಿಂಗಳಲ್ಲಿ ಯಾರೋ ಅಮ್ಮನ ಪಕ್ಕ ಕೂತು ಒಂದು ಇಡೀ ಆಟವನ್ನು ಹೇಳಿಕೊಟ್ಟಿದ್ದಾರೆ. ಆಗಿನ ಅಪಾರ್ಟ್‌ಮೆಂಟಿನ ಪಕ್ಕದ ಬಾಲ್ಕನಿಯಲ್ಲಿ ಓಕ್‌ಲೆಂಡ್ ಟೀಮಿನ ಹಸಿರು ಟೋಪಿ ಹಾಕಿದ ಮುದುಕಿಯೊಬ್ಬರು ಗಿಡಗಳಿಗೆ ನೀರು ಹಾಕುತ್ತಿದ್ದರು ಎಂದು ಈಗ ನೆನಪಾಗುತ್ತಿದೆ. ಅಮ್ಮ ಮಗುವಿನ ಬಟ್ಟೆ ಒಣಹಾಕಲು ನಮ್ಮ ಬಾಲ್ಕನಿಗೆ ಹೋಗುತ್ತಿದ್ದಳು, ಒಳಗೆ ಬರಲು ತುಂಬ ಹೊತ್ತಾಗುತ್ತಿತ್ತು. ಈ ಮುದುಕಿ ನಿಜವಾಗಿ ಇದ್ದರೇ, ಅಥವಾ ಶನಿವಾರದಿಂದ ಈಚೆಗೆ ನಾನು ತಂದು ನಿಲ್ಲಿಸಿದ್ದೇ? ಅಥವಾ ಹೇಳಿಕೊಟ್ಟವಳು ನಾನೇ ಇದ್ದು, ಅದನ್ನೂ ಮರೆತೆನೇ? ಬಾಣಂತಿ ಕೋಣೆಯಲ್ಲಿ ನಾನೂ ಅಮ್ಮನೂ ಒಟ್ಟಿಗೆ ಕೂತು ನಕ್ಕ ಸಂಜೆಗಳಿದ್ದವೇ?

ಭಾನುವಾರ ಬೆಳಿಗ್ಗೆ ಅತ್ತೆಗೆ ವಾಯ್ಸ್ ಮೆಸೇಜ್ ಕಳಿಸಿದೆ. ಕೇಳಿಸಿಕೊಂಡಿದ್ದಾರೆ. ಎರಡು ನೀಲಿ ಗೀಟು ಬಂದಿವೆ. ಆಮೇಲೆ ಮೊಮ್ಮಗನ ಸ್ಕೂಲ್ ಡೇ ಫೋಟೋ ಬಂತು, ಒಂದು ಗುಡ್ ಮಾರ್ನಿಂಗ್ ಹೂವು ಬಂತು, ಬರುವಾಗ ಹುರಳಿಕಾಳು ತರಲೇ ಎಂದು ಮೈದುನನ ಕೈಲಿ ಕೇಳಿಸಿದ್ದೂ ಆಯಿತು. ನನ್ನ ಪ್ರಶ್ನೆಗೆ ಉತ್ತರವಿಲ್ಲ. ರೇಡಿಯೋ ಕಿಟಕಿಯ ಮೇಲೆ ಕೂತಿದೆ. ಸೀಸನ್ ಶುರುವಾಗಲು ಇನ್ನೂ ಕೆಲವು ದಿನ ಇದೆ. ಈ ಮಾರ್ಚಿನಲ್ಲಿ ನಾನು ಏತಕ್ಕೆ ಕಾಯುತ್ತಿದ್ದೇನೆ ಎಂದು ಈಗ ಯಾರಾದರೂ ಕೇಳಿದರೆ ಹೇಳಬಲ್ಲೆ.

ಮೆಸೇಜಿನಲ್ಲಿ ನಾನು ಕೇಳಿದ್ದು ಇಷ್ಟೇ: "ಅತ್ತೆ, ನಿಮಗೆ ಹೇಳ್ಕೊಟ್ಟಿದ್ದು ಅಮ್ಮ, ಸರಿ. ಅಮ್ಮನಿಗೆ ಹೇಳ್ಕೊಟ್ಟಿದ್ದು ಯಾರು?"